ಕೋಡಿ ಹರಿದ ದಿನ ತೋಡಿದ ಗುಂಡಿ

ಸೋಮವಾರ ಬೆಳಿಗ್ಗೆ ಹತ್ತೂವರೆಗೆ ಶ್ಯಾಮಲಮ್ಮ ಬೀರು ತೆಗೆದರು. ಎರಡನೇ ಅರೆಯಲ್ಲಿ ಎಡದಿಂದ ಐದನೇ ಫೈಲು ಇರಲಿಲ್ಲ. ಬೀಗ ಮುರಿದಿರಲಿಲ್ಲ. ಮಿಕ್ಕ ಫೈಲುಗಳು ಒಂದಿಂಚೂ ಕದಲಿರಲಿಲ್ಲ.

ಹೊಸಕುಂಟೆ ಪಟ್ಟಣ ಪಂಚಾಯಿತಿಯಲ್ಲಿ ಶ್ಯಾಮಲಮ್ಮನದು ಮೂವತ್ತೆರಡು ವರ್ಷದ ಗುಮಾಸ್ತೆ ಕೆಲಸ. ನಿವೃತ್ತಿಗೆ ಇನ್ನು ನಾಲ್ಕೇ ತಿಂಗಳು. ಇಷ್ಟು ವರ್ಷದಲ್ಲಿ ಅವರ ಕೈಯಿಂದ ಒಂದು ಚೀಟಿ ಕಳೆದದ್ದಿಲ್ಲ. ಈಗ ಕಳೆದದ್ದು ಸಾಮಾನ್ಯ ಫೈಲೂ ಅಲ್ಲ, ಇಡೀ ಊರು ಬಾಯಿಗೆ ಹಾಕಿಕೊಂಡು ಅಗಿಯುತ್ತಿದ್ದ ನಂದಕಿಶೋರನ ಕಾಂಪ್ಲೆಕ್ಸಿನ ಫೈಲು.

ಮುಳಬಾಗಿಲು ರಸ್ತೆಯಲ್ಲಿ ಆ ಇಪ್ಪತ್ತನಾಲ್ಕು ಅಂಗಡಿಗಳ ಕಟ್ಟಡ ಎದ್ದು ನಿಂತಿತ್ತು. ಲೈಸೆನ್ಸು ಕೊಡುವಾಗಲೇ ಪಂಚಾಯಿತಿ ಒಂದು ಷರತ್ತು ಹಾಕಿತ್ತು. ಗಾಡಿ ನಿಲ್ಲಿಸುವ ಅಂಗಳಕ್ಕೆಲ್ಲ ಸಿಮೆಂಟ್ ಬಳಿಯಕೂಡದು. ಅಂಚಿನಲ್ಲಿ ಹುಲ್ಲಿನ ಕಾಲುವೆ, ಅದರ ತುದಿಗೆ ಇಂಗುಗುಂಡಿ ಮಾಡಿ ಮಳೆನೀರನ್ನು ಅಲ್ಲೇ ನೆಲಕ್ಕೆ ಇಳಿಸಬೇಕು. ಇಲ್ಲದಿದ್ದರೆ ಅಷ್ಟೂ ನೀರು ಕೆಳಗಿನ ಕುಂಬಾರಬೀದಿಯ ಮನೆಗಳಿಗೆ ನುಗ್ಗುತ್ತದೆ. ಕಟ್ಟಡ ಮುಗಿದಿತ್ತು, ಕಾಲುವೆ ಗುಂಡಿ ಬಾಕಿ ಇದ್ದವು. ಅವು ಫೈಲಿನಲ್ಲಿ ಇರುವಂತೆಯೇ ಆದರೆ ಮಾತ್ರ ಅಂಗಡಿ ತೆರೆಯಲು ಪ್ರಮಾಣಪತ್ರ.

"ಸಂಜೆ ಐದರೊಳಗೆ ಫೈಲು ಬರಬೇಕು," ಎಂದರು ಮುಖ್ಯಾಧಿಕಾರಿ ಕೋದಂಡರಾಮಪ್ಪ. "ಇಲ್ಲಾಂದ್ರೆ ನಿಮ್ಮ ಮೇಲೆ ಕೋಲಾರಕ್ಕೆ ರಿಪೋರ್ಟು ಹೋಗುತ್ತೆ. ನಾನೇನೂ ಮಾಡಕ್ಕಾಗಲ್ಲ."

ರಿಪೋರ್ಟು ಹೋದರೆ ಸಸ್ಪೆನ್ಷನ್ ಖಂಡಿತ. ಶ್ಯಾಮಲಮ್ಮ ಪೊಲೀಸ್ ಠಾಣೆಗೆ ಫೋನು ಮಾಡಿದರು.

* * *

ಸಬ್ ಇನ್‌ಸ್ಪೆಕ್ಟರ್ ಗಂಗರತ್ನಮ್ಮನಿಗೆ ಎರಡು ವಿಷಯಕ್ಕೆ ಮೈ ಉರಿಯುತ್ತಿತ್ತು. ಒಂದು, ಸಕ್ಕರೆ ಹೆಚ್ಚಾದ ಕಾಫಿ. ಇನ್ನೊಂದು, ತಪ್ಪು ಮಾಡದವರು ಅಳುವುದು. ಪಂಚಾಯಿತಿ ಕಚೇರಿಗೆ ಕಾಲಿಟ್ಟ ಹತ್ತು ನಿಮಿಷದಲ್ಲಿ ಅವಳಿಗೆ ಎರಡೂ ಸಿಕ್ಕಿದವು.

"ಅಳಬೇಡಿ ಶ್ಯಾಮಲಮ್ಮನೋರೇ. ಬೀಗದ ಕೈ ಎಲ್ಲಿರುತ್ತೆ?"

"ನನ್ನ ಸೊಂಟದಲ್ಲೇ ಮೇಡಂ. ಊಟಕ್ಕೆ ಹೋಗುವಾಗ ಮಾತ್ರ..." ಶ್ಯಾಮಲಮ್ಮ ಗೋಡೆಯ ಗಣಪತಿ ಪಟದ ಕಡೆ ನೋಡಿದರು. "ಅದರ ಹಿಂದೆ. ದೇವರು ನೋಡ್ಕೊಂತಾನೆ ಅಂತ."

"ಯಾರಿಗೆಲ್ಲ ಗೊತ್ತು?"

"ಯಾರಿಗೂ ಇಲ್ಲ."

ಪಕ್ಕದಲ್ಲಿದ್ದ ಪೇದೆ ಕದಿರೇಶ ಕೆಮ್ಮಿದ. "ಮೇಡಂ, ನನಗೇ ಗೊತ್ತು. ಊರಿಗೆಲ್ಲ ಗೊತ್ತು."

ಗಂಗರತ್ನಮ್ಮ ನಕ್ಕುಬಿಟ್ಟಳು. ಶ್ಯಾಮಲಮ್ಮನೂ ಕಣ್ಣೊರೆಸಿಕೊಂಡು ಅರ್ಧ ನಕ್ಕರು.

ಫೈಲನ್ನು ಕೊನೆಯದಾಗಿ ನೋಡಿದ್ದು ಶುಕ್ರವಾರ ಬೆಳಿಗ್ಗೆ. ಆ ಮಧ್ಯಾಹ್ನ ಊಟದ ಹೊತ್ತಿಗೆ ಮೂವರು ಬಂದಿದ್ದರು. ಪ್ರಮಾಣಪತ್ರಕ್ಕೆ ಅಲೆಯುತ್ತಿದ್ದ ಮಾಲೀಕ ನಂದಕಿಶೋರ್. ಕಾಂಪ್ಲೆಕ್ಸಿನ ನಕ್ಷೆ ಮತ್ತು ಮಣ್ಣಿನ ವರದಿ ಮಾಡಿಕೊಟ್ಟ ಕೋಲಾರದ ಇಂಜಿನಿಯರ್ ಭಾರ್ಗವ್. ಮತ್ತೆ ಶ್ರೀರಾಮಪ್ಪ, ದೊಡ್ಡಕೆರೆಯ ನೀರುಗಂಟಿ. ತೂಬು ಎತ್ತಿ ಇಳಿಸಿ ಗದ್ದೆಗಳಿಗೆ ನೀರು ಹಂಚುವುದು ಅವನ ತಾತನ ಕಾಲದಿಂದ ಬಂದ ಕೆಲಸ.

"ಆ ಮುದುಕಪ್ಪನ್ನ ಹಿಡೀರಿ ಮೊದಲು," ಎಂದ ಸುದ್ದಿ ಕೇಳಿ ಓಡಿಬಂದಿದ್ದ ನಂದಕಿಶೋರ್. "ಕೆರೆಗೆ ಬರೋ ಮಳೆನೀರನ್ನ ನೀನು ಗುಂಡಿಗೆ ಇಳಿಸ್ತೀಯಾ, ನಿನ್ನ ಕಾಗದ ಹರಿದು ಹಾಕ್ತೀನಿ ಅಂತ ಶುಕ್ರವಾರ ಇಲ್ಲೇ ಕೂಗಾಡಿದ. ಎಲ್ಲರೂ ಕೇಳಿದ್ದಾರೆ."

"ನಿಮಗೆ ಗುಂಡಿ ಮಾಡೋದು ಇಷ್ಟ ಇತ್ತಾ?"

"ಮೊದಲು ಇರಲಿಲ್ಲ ಮೇಡಂ, ಸುಳ್ಳು ಯಾಕೆ ಹೇಳಲಿ. ಆದ್ರೆ ಈಗ ಫೈಲಿಲ್ಲದೆ ಬಾಗಿಲು ತೆಗೆಯಕ್ಕಾಗಲ್ಲ. ಶ್ರಾವಣದಲ್ಲೇ ಪ್ರಾರಂಭ ಅಂತ ಕಾರ್ಡು ಹಂಚಿಬಿಟ್ಟಿದ್ದೀನಿ."

* * *

ಶ್ರೀರಾಮಪ್ಪನ ಗುಡಿಸಲು ಕೆರೆ ಏರಿಯ ಮೇಲೆ, ತೂಬಿನ ಪಕ್ಕ. ಬಾಗಿಲಿಗೆ ಬೀಗವಿಲ್ಲ, ಚಿಲಕವೂ ಇಲ್ಲ. ಮುದುಕ ಬೀಡಿ ಸೇದುತ್ತ ಕೂತಿದ್ದ. ಪೊಲೀಸರನ್ನು ಕಂಡು ಏಳಲೂ ಇಲ್ಲ.

"ಕೂಗಾಡಿದ್ದು ನಿಜ ಕಣಮ್ಮಾ. ನೀರಿನ ಕೆಲಸ ಮಾಡೋರು ನೀರುಗಂಟಿನ ಒಂದು ಮಾತು ಕೇಳಬ್ಯಾಡ್ವಾ? ಹನ್ನೊಂದು ವರ್ಷ ಕಾದು ಒಂದು ಸಲ ಕೋಡಿ ಹರಿದಿದ್ದು ನೋಡಿದೆ ನಾನು. ಅವತ್ತು ಊರಿಗೂರೇ ಬಾಗಿನ ಬಿಡಕ್ಕೆ ಬಂದಿತ್ತು. ನಂದಕಿಶೋರಪ್ಪನ ಜಾಗದ ಪಕ್ಕದ ಕಾಲುವೆ ತುಂಬಿ, ಆ ಜಾಗದಲ್ಲೆಲ್ಲ ಮೊಣಕಾಲುದ್ದ ನೀರು. ಅಂಥಾ ಕೆರೆ ಇದು."

ಅಷ್ಟರಲ್ಲಿ ಒಳಗಿಂದ ಕದಿರೇಶ ಕೂಗಿದ. ಚಾಪೆಯ ಕೆಳಗೆ ಫೈಲು ಸಿಕ್ಕಿತ್ತು.

ಶ್ರೀರಾಮಪ್ಪನ ಬೀಡಿ ಕೆಳಗೆ ಬಿತ್ತು. "ನಾಕು ಚದುವು ರಾದಮ್ಮಾ. ಓದಕ್ಕೆ ಬರದೋನಿಗೆ ಅದ್ಯಾಕಮ್ಮಾ?"

ಗಂಗರತ್ನಮ್ಮ ಕಟ್ಟು ಬಿಚ್ಚಿದಳು. ಫೈಲನ್ನು ಗೊಬ್ಬರದ ಪ್ಲಾಸ್ಟಿಕ್ ಚೀಲದಲ್ಲಿ ಎರಡು ಸುತ್ತು ಸುತ್ತಿ, ಒಂದು ಹನಿ ಒಳಹೋಗದಂತೆ ಕಟ್ಟಿದ್ದರು. ನೀಲಿ ನಕ್ಷೆ ಮಡಿಕೆ ಸಹಿತ ಹಾಗೇ ಇತ್ತು. ಅವಳು ಪುಟ ತಿರುವಿದಳು. ಹದಿನಾರು ಆದಮೇಲೆ ಹದಿನೆಂಟು.

"ಕದಿರೇಶ, ಹರಿದು ಹಾಕ್ತೀನಿ ಅಂದೋನು ಕಾಗದಕ್ಕೆ ಇಷ್ಟು ಉಪಚಾರ ಮಾಡ್ತಾನೇನ್ಲಾ?"

"ಮಾಡಲ್ಲ ಮೇಡಂ."

"ತಾತನ್ನ ಜೀಪಿಗೆ ಹತ್ತಿಸು. ಮುಂದಿನ ಸೀಟಲ್ಲಿ ಕೂರಿಸು."

* * *

ಮಧ್ಯಾಹ್ನ ಎರಡಕ್ಕೆ ಶ್ಯಾಮಲಮ್ಮ ತಮ್ಮ ದಪ್ಪ ರಿಜಿಸ್ಟರು ಬಿಚ್ಚಿದರು. ಫೈಲಿಗೆ ಸೇರುವ ಪ್ರತಿ ಹಾಳೆಯನ್ನೂ ಅದರಲ್ಲಿ ಬರೆದುಕೊಳ್ಳುವುದು ಅವರ ರೂಢಿ. ಇದಕ್ಕೆ ಕಚೇರಿಯವರೆಲ್ಲ ಅವರನ್ನು ಆಡಿಕೊಳ್ಳುತ್ತಿದ್ದರು.

"ಪುಟ ಹದಿನೇಳು. ನೀರು ಇಂಗುವ ಪರೀಕ್ಷೆಯ ವರದಿ. ಪರೀಕ್ಷೆಯ ದಿನಾಂಕ, 27-10-2005."

"ಇದನ್ನ ಇತ್ತೀಚೆಗೆ ಯಾರಾದ್ರೂ ಕೇಳಿದ್ರಾ?"

"ಗುರುವಾರ ಸಾಹೇಬರೇ ಕೇಳಿದ್ರು. ಎರಡು ವರ್ಷದ ಹಿಂದಿನ ವರದಿ, ಪತ್ರ ಕೊಡೋ ಮೊದಲು ಅದೇ ಜಾಗದಲ್ಲಿ ಮತ್ತೆ ಗುಂಡಿ ತೋಡಿಸಿ ನೋಡ್ತೀನಿ ಅಂತ. ಶುಕ್ರವಾರ ಬಂದ ಮೂವರಿಗೂ ನಾನೇ ಹೇಳಿದ್ದೆ."

ಗಂಗರತ್ನಮ್ಮ ಎದ್ದು ಕೋದಂಡರಾಮಪ್ಪನವರ ಕೋಣೆಗೆ ಹೋದಳು. ಅಲ್ಲಿ ಗೋಡೆಗೆ ನೇತುಹಾಕಿದ್ದ ಒಂದು ಫೋಟೋದ ಮುಂದೆ ಎರಡು ನಿಮಿಷ ನಿಂತಳು. ಆಮೇಲೆ ಸಕ್ಕರೆ ಇಲ್ಲದ ಕಾಫಿ ಹೇಳಿದಳು.

"ಎಲ್ಲರನ್ನೂ ಕರೀರಿ ಸಾರ್. ನಿಮ್ಮ ರಿಪೋರ್ಟು ಕೋಲಾರಕ್ಕೆ ಹೋಗಲ್ಲ."

* * *

ಮೂರೂವರೆಗೆ ಎಲ್ಲರೂ ಅದೇ ಕೋಣೆಯಲ್ಲಿ ಕೂಡಿದರು. ಭಾರ್ಗವ್ ಇಸ್ತ್ರಿ ಮಾಡಿದ ಶರಟು ತೊಟ್ಟು, ನಕ್ಷೆ ಇಡುವ ಉದ್ದನೆಯ ಕೊಳವೆ ಡಬ್ಬವನ್ನು ಹೆಗಲಿಗೆ ಹಾಕಿಕೊಂಡೇ ಬಂದಿದ್ದ. ಬಾಗಿಲ ಬಳಿ ಶ್ರೀರಾಮಪ್ಪ ನೆಲದ ಮೇಲೆ ಕೂರಲು ಹೋದ. ಗಂಗರತ್ನಮ್ಮ ಕುರ್ಚಿ ಎಳೆದುಕೊಟ್ಟಳು.

"ಕದ್ದ ಮಾಲನ್ನ ಯಾರೂ ಬೀಗವಿಲ್ಲದ ಗುಡಿಸಲಲ್ಲಿ ಬಚ್ಚಿಡಲ್ಲ," ಎಂದು ಶುರುಮಾಡಿದಳು. "ಇದನ್ನ ಸಿಗಲಿ ಅಂತಾನೇ ಇಟ್ಟಿದ್ದು. ಬೀರುನಲ್ಲಿ ಇನ್ನೂರು ಫೈಲಿವೆ. ಓದು ಬರದ ತಾತ ಅದರಲ್ಲಿ ಸರಿಯಾಗಿ ಇದೊಂದನ್ನೇ ಹೇಗೆ ಎಳೀತಾನೆ? ಅವನ ಸಿಟ್ಟು ಗುಂಡಿಯ ನಕ್ಷೆ ಮೇಲೆ. ನಕ್ಷೆ ಮಾತ್ರ ಮದುವೆ ಸೀರೆ ಥರ ಜೋಪಾನವಾಗಿದೆ."

"ಹಾಗಾದ್ರೆ ನಾನಾ?" ನಂದಕಿಶೋರ್ ಮುಂದೆ ಬಂದ.

"ನೀವಲ್ಲ. ಒಂದು ಹಾಳೆ ಕಮ್ಮಿಯಾದ್ರೂ ನಿಮ್ಮ ಬಾಗಿಲು ತೆಗೆಯಲ್ಲ. ಆ ಹಾಳೆ ಕೆಟ್ಟದ್ದು ಅಂತ ಗೊತ್ತಿದ್ದೋರು ಮಾತ್ರ ಅದನ್ನ ತೆಗೀತಾರೆ." ಅವಳು ತಿರುಗಿದಳು. "ಭಾರ್ಗವ್ ಅವರೇ, ಆ ಪರೀಕ್ಷೆ ಮಾಡಿದ್ದು ನೀವೇ ಅಲ್ವಾ?"

"ನಾನೇ. ಮೂರಡಿ ಗುಂಡಿ ತೋಡಿಸಿ, ನೀರು ತುಂಬಿಸಿ, ಎದುರಿಗೆ ನಿಂತು ಅಳೆದಿದ್ದೀನಿ. ಒಂದೂವರೆ ಗಂಟೇಲಿ ಪೂರ್ತಿ ಇಂಗಿತು. ಹಾಳೆ ಹೋಗಿದ್ರೆ ಇನ್ನೊಂದು ಪರೀಕ್ಷೆ ಮಾಡಿ ಹೊಸ ವರದಿ ಕೊಡ್ತೀನಿ, ಅದಕ್ಕೇನಂತೆ."

"ಅವತ್ತು ನೆಲ ಹೇಗಿತ್ತು?"

"ಒಣಗಿತ್ತು. ಕೋಲಾರ ಜಿಲ್ಲೆ ಅಲ್ವಾ ಮೇಡಂ, ಇಲ್ಲಿ ನೆಲ ಯಾವಾಗ ನೆಂದಿರುತ್ತೆ?"

"ರಿಜಿಸ್ಟರಲ್ಲಿ ಅಕ್ಟೋಬರ್ ಇಪ್ಪತ್ತೇಳು ಅಂತಿದೆ. ಸರೀನಾ?"

"ಸರಿ."

"ಸ್ವಲ್ಪ ಹಿಂದೆ ತಿರುಗಿ ಆ ಫೋಟೋ ನೋಡಿ."

ಭಾರ್ಗವ್ ತಿರುಗಿದ. ಫೋಟೋದಲ್ಲಿ ಕೋದಂಡರಾಮಪ್ಪ ಬಾಗಿನದ ಮೊರ ಹಿಡಿದು ನೀರಿನ ಮುಂದೆ ನಿಂತಿದ್ದರು. ಅವರ ಹಿಂದೆ ಪಂಚೆ ಎತ್ತಿ ಕಟ್ಟಿದ ಶ್ರೀರಾಮಪ್ಪ ಬಾಯಿ ತುಂಬ ನಗುತ್ತಿದ್ದ. ಕೆಳಗೆ ಬಿಳಿ ಅಕ್ಷರ: ದೊಡ್ಡಕೆರೆ ಕೋಡಿ ಹರಿದ ಸಂಭ್ರಮ, 27-10-2005.

"ತಾತ, ಅವತ್ತು ಆ ಜಾಗ ಹೇಗಿತ್ತು?"

"ಮೊಣಕಾಲುದ್ದ ನೀರಮ್ಮಾ."

"ಮೊಣಕಾಲುದ್ದ ನೀರೊಳಗೆ ಗುಂಡಿ ತೋಡಿ, ಅದಕ್ಕೆ ನೀರು ಸುರಿದು, ಅದು ಇಂಗಿದ್ದನ್ನ ಗಡಿಯಾರ ಹಿಡಿದು ಅಳೆದ್ರಾ ಭಾರ್ಗವ್? ಭಲೇ."

ಕದಿರೇಶ ನಗು ತಡೆಯಲಾರದೆ ಕಿಟಕಿಯ ಕಡೆ ತಿರುಗಿದ.

"ನೀವು ಈ ಊರಿಗೇ ಬಂದಿರಲಿಲ್ಲ. ಕೋಲಾರದಲ್ಲಿ ಕೂತು ಒಂದು ತಾರೀಖು ಹಾಕಿದ್ರಿ. ಬೇರೆ ಯಾವ ದಿನ ಹಾಕಿದ್ರೂ ನಡೆದುಹೋಗ್ತಿತ್ತು. ಕೆರೆ ಕೋಡಿ ಹರಿದ ದಿನವನ್ನ ಈ ಸೀಮೇಲಿ ಮಕ್ಕಳ ಹುಟ್ಟಿದಬ್ಬಕ್ಕಿಂತ ಚೆನ್ನಾಗಿ ನೆನಪಿಡ್ತಾರೆ. ಸಾಹೇಬರು ಅದೇ ಜಾಗದಲ್ಲಿ ಮತ್ತೆ ತೋಡಿಸ್ತೀನಿ ಅಂದಾಗ ನಿಮಗೆ ಭಯ ಹತ್ತಿತು. ಹಾಳೆ ಮಾಯ ಮಾಡಿ, ತಪ್ಪು ತಾತನ ತಲೆಗೆ ಕಟ್ಟಿ, ಬೇರೆ ಮೂಲೆ ತೋರಿಸಿ ಹೊಸ ವರದಿ ಕೊಡೋದು ನಿಮ್ಮ ಲೆಕ್ಕ. ಆ ಡಬ್ಬ ಇಲ್ಲಿ ಕೊಡಿ."

ಡಬ್ಬದೊಳಗೆ ನಕ್ಷೆಗಳ ನಡುವೆ ಸುರುಳಿ ಸುತ್ತಿದ ಹದಿನೇಳನೇ ಪುಟವಿತ್ತು. ಪಂಚಾಯಿತಿಯ ಮೊಹರು, ಸಾಹೇಬರ ಸಹಿ ನೋಡಿ ನಕಲು ಮಾಡಲು ಉಳಿಸಿಕೊಂಡಿದ್ದ.

"ಒಂದು ಗುಂಡಿ ಮೇಡಂ," ಎಂದ ಭಾರ್ಗವ್ ಮೆಲ್ಲಗೆ. "ಎಲ್ಲರೂ ಹೀಗೇ ಬರೀತಾರೆ. ಅಷ್ಟಕ್ಕೆ ನನ್ನ ಲೈಸೆನ್ಸು ಹೋಗುತ್ತೆ."

"ಇವರ ಮೂವತ್ತೆರಡು ವರ್ಷ ಹೋಗ್ತಿತ್ತಲ್ಲ." ಗಂಗರತ್ನಮ್ಮನ ದನಿ ಗಡುಸಾಯಿತು. "ಈ ತಾತ ಜೈಲಿಗೆ ಹೋಗ್ತಿದ್ದ. ನಡೀರಿ ಸ್ಟೇಷನ್ನಿಗೆ."

ಕೋದಂಡರಾಮಪ್ಪ ಟೈಪಾಗಿದ್ದ ರಿಪೋರ್ಟನ್ನು ನಾಲ್ಕು ತುಂಡು ಮಾಡಿ ಬುಟ್ಟಿಗೆ ಹಾಕಿದರು. "ತಪ್ಪು ತಿಳಿದೆ ಶ್ಯಾಮಲಮ್ಮನೋರೇ," ಎಂದರು. ಗಂಟೆ ಇನ್ನೂ ನಾಲ್ಕೂಕಾಲು.

* * *

ಮರುದಿನ ಕಾಂಪ್ಲೆಕ್ಸಿನ ಅಂಗಳದಲ್ಲಿ, ನಕ್ಷೆ ತೋರಿಸಿದ ಜಾಗದಲ್ಲೇ ಗುಂಡಿ ತೋಡಿಸಿದರು. ಒಂದೂವರೆ ಅಡಿಗೆ ಹಾರೆ ಠಣ್ ಎಂದಿತು. ಕೆಳಗೆ ಹಾಸುಬಂಡೆ. ಸುರಿದ ನೀರು ಮಧ್ಯಾಹ್ನದವರೆಗೂ ಹಾಗೇ ನಿಂತಿತ್ತು.

ಶ್ರೀರಾಮಪ್ಪ ಅಂಗಳವನ್ನು ಒಂದು ಸುತ್ತು ಹಾಕಿ ಈಶಾನ್ಯ ಮೂಲೆಯಲ್ಲಿ ನಿಂತ. "ಇಲ್ಲಿ ಮರಳು ಮಣ್ಣು. ನಮ್ಮಪ್ಪ ಹೇಳ್ತಿದ್ದ, ಇಲ್ಲಿ ಎಷ್ಟು ಸುರಿದರೂ ಕುಡೀತದೆ ಅಂತ. ತುಂಬಿ ಮಿಕ್ಕಿದ ನೀರನ್ನ ಪಕ್ಕದ ಕಾಲುವೆಗೆ ಬಿಡ್ರಪ್ಪಾ, ನನ್ನ ಕೆರೆಗೆ ಬರ್ತದೆ."

ಅಲ್ಲಿ ತೋಡಿದ ಮೂರಡಿ ಗುಂಡಿ ನಲವತ್ತು ನಿಮಿಷದಲ್ಲಿ ಬರಿದಾಯಿತು. ನಂದಕಿಶೋರ್ ಬಗ್ಗಿ ಬಗ್ಗಿ ನೋಡಿದ. ಆಮೇಲೆ ಶ್ರೀರಾಮಪ್ಪನ ಎದುರು ಕೈಮುಗಿದು, "ನಿಮ್ಮನ್ನ ಮೊದಲೇ ಕೇಳಬೇಕಿತ್ತು," ಎಂದ.

"ಕೇಳಿದ್ರೆ ಹೇಳ್ತಿದ್ದೆ," ಎಂದ ಮುದುಕ.

ಶ್ಯಾಮಲಮ್ಮ ಕಟ್ಟೆಯ ಮೇಲೆ ಕೂತು ಹೊಸ ವರದಿ ಬರೆದರು. ಜಾಗ, ಆಳ, ಹೊತ್ತು, ತಾರೀಖು. ಸಾಹೇಬರು ಸಹಿ ಹಾಕಿದರು. ಬೀರುವಿನ ಬೀಗದ ಕೈ ಈಗ ಶ್ಯಾಮಲಮ್ಮನ ಕೊರಳ ಸರದಲ್ಲಿ ತೂಗುತ್ತಿತ್ತು.

"ಸಾಕ್ಷಿ ಬೇಕು," ಎಂದರು ಶ್ಯಾಮಲಮ್ಮ. "ಶ್ರೀರಾಮಪ್ಪ, ಬಾರಪ್ಪ ಇಲ್ಲಿ."

ಅವರೇ ಅವನ ಎಡ ಹೆಬ್ಬೆರಳು ಹಿಡಿದು, ಶಾಯಿಗೆ ಒತ್ತಿ, ಕಾಗದದ ಮೇಲಿಟ್ಟರು. ಆಮೇಲೆ ಮೇಲಿನ ಮೂಲೆಯಲ್ಲಿ ಕೆಂಪು ಶಾಯಿಯಿಂದ ಹದಿನೇಳು ಎಂದು ಬರೆದರು.