ಕಟ್ಟಿದವ ನಿಲ್ಲಬೇಕು

ನೀಲಾವತಿ ಒಲ್ಲೆ ಅಂದದ್ದು ಚನಿಯಪ್ಪನಿಗೆ ತಿಳಿದದ್ದು ಲಾರಿ ಡ್ರೈವರ್ ರುಕ್ಮಯ್ಯನಿಂದ. ಹೆಣ್ಣು ಕೇಳಲು ಹೋದವನೂ ಅವನೇ. "ರೋಪಿನವ ಬೇಡ ಅಂತ ಒಂದೇ ಮಾತಲ್ಲಿ ಹೇಳಿದಳು ಮಾರಾಯ," ಎಂದು ರುಕ್ಮಯ್ಯ ಸ್ಟೇರಿಂಗಿನಿಂದ ಕೈ ತೆಗೆಯದೆ ಹೇಳಿ, ಗೇರು ಬದಲಿಸಿದ. ಮನುಷ್ಯನ ಎದೆ ಒಡೆಯುವಾಗ ಲಾರಿಯನ್ನಾದರೂ ನಿಲ್ಲಿಸಬೇಕು ಎಂಬುದು ಅವನಿಗೆ ಹೊಳೆಯಲಿಲ್ಲ.

ಚನಿಯಪ್ಪ ಹಾಜಬ್ಬ ಸಾವುಕಾರರ ಮರದ ಡಿಪೋದಲ್ಲಿ ರೋಪಿನ, ಅಂದರೆ ತಂತಿಹಗ್ಗದ, ಕೆಲಸದವ. ಕೂಪಿನಲ್ಲಿ, ಮರ ಕಡಿಯಲು ಗುತ್ತಿಗೆ ಹಿಡಿದ ಕಾಡಿನಲ್ಲಿ, ಕಡಿದುರುಳಿಸಿದ ಮರವನ್ನು ಹೊರಗೆ ಎಳೆಸುವುದು, ಕೆಸರಲ್ಲಿ, ಹೊಯಿಗೆಯ ಮರಳಲ್ಲಿ ಹೂತ ಲಾರಿ ಜೀಪುಗಳನ್ನು ಮೇಲೆ ತರುವುದು ಅವನ ಪಾಲಿನದು. ಗ್ರೀಸು ಹಿಡಿದ ತನ್ನ ಕೈಗಳನ್ನು ನೋಡಿಕೊಂಡು, ಇವಕ್ಕೇ ಅವಳು ಒಲ್ಲೆ ಅಂದದ್ದು ಎಂದುಕೊಂಡ.

ಹಾಗಾದರೆ ಅವಳು ತನ್ನನ್ನು ನೋಡುವುದು ಯಾಕೆ?

ಪೊಳಲಿಯಿಂದ ಸ್ವಲ್ಪ ಮೇಲೆ, ಫಲ್ಗುಣಿ ಹೊಳೆಯನ್ನು ದೋಣಿಯಲ್ಲಿ ದಾಟುವ ಕಡವಿನ ದಡದಲ್ಲಿ ಅವಳ ಅಪ್ಪ ಹುಕ್ರಪ್ಪನ ಚಾದ ಅಂಗಡಿ. ಬೇಸಿಗೆಯಲ್ಲಿ ನೀರು ಇಳಿದರೆ ಲಾರಿ ಜೀಪುಗಳು ಹೊಳೆಯ ಹೊಯಿಗೆಯ ಮೇಲೇ ದಾಟುತ್ತಿದ್ದವು. ಅವನ ಲಾರಿ ದಡ ಇಳಿಯುವಾಗ ನೀಲಾವತಿ ಗ್ಲಾಸು ತೊಳೆಯುವುದನ್ನು ನಿಲ್ಲಿಸುತ್ತಿದ್ದಳು. ಅವನು ನೋಡಿದರೆ ಮತ್ತೆ ತೊಳೆಯುತ್ತಿದ್ದಳು. ಚಾವನ್ನು ಕೈಗೆ ಕೊಡದೆ ಬೆಂಚಿನ ತುದಿಯಲ್ಲಿಡುತ್ತಿದ್ದಳು. ಬೆಲ್ಲ ಜಾಸ್ತಿಯಾಯಿತು ಎಂದು ಅವನು ಒಮ್ಮೆ ಹೇಳಿದ್ದಕ್ಕೆ, "ಆ ಮುಖಕ್ಕೆ ಅಷ್ಟು ಬೇಕಾಗ್ತದೆ," ಎಂದು ಒಳಗೆ ಹೋಗಿದ್ದಳು. ಒಲ್ಲದ ಹುಡುಗಿ ಹೀಗೆ ಹೇಳುತ್ತಾಳೆಯೇ ಎಂದು ಅವನು ವಾರಗಟ್ಟಲೆ ತಲೆ ಕೆಡಿಸಿಕೊಂಡ.

ಹುಕ್ರಪ್ಪ ಒಂದು ಕಾಲದಲ್ಲಿ ಕೂಪಿನ ದೊಡ್ಡ ರೋಪಿನವ. ಚನಿಯಪ್ಪನಿಗೆ ಕೆಲಸ ಕಲಿಸಿದವನೂ ಅವನೇ. ಕೂಪಿನವರಲ್ಲಿ ಒಂದು ಕಟ್ಟಳೆ ಇತ್ತು. ರೋಪು ಕಟ್ಟಿದವನು, ಎಳೆಯುವ ಹೊತ್ತಿಗೆ ಅದರ ಪಕ್ಕದಲ್ಲೇ ಕೈಯಿಟ್ಟು ನಿಲ್ಲಬೇಕು. ದೂರ ಸರಿದರೆ ತನ್ನ ಕಟ್ಟಿನ ಮೇಲೆ ತನಗೇ ಭರವಸೆ ಇಲ್ಲ ಎಂದು ಲೆಕ್ಕ, ಅಂಥವನನ್ನು ಮತ್ತೆ ಯಾರೂ ಕೆಲಸಕ್ಕೆ ಕರೆಯುತ್ತಿರಲಿಲ್ಲ. ಹಾಗೆ ನಿಂತಾಗಲೇ ಒಂದು ದಿನ ತಂತಿಯ ರೋಪು ಹರಿದು ಹುಕ್ರಪ್ಪನ ಎಡಗಾಲನ್ನು ಮೊಣಕಾಲಿನ ಕೆಳಗೆ ತೆಗೆದುಕೊಂಡು ಹೋಯಿತು. "ಆದರೂ ಕೈ ತೆಗೀಲಿಲ್ಲ ನಾನು," ಎಂದು ಅವನು ಚಾ ಕುಡಿಯಲು ಬಂದವರಿಗೆಲ್ಲ ಹೇಳುತ್ತಿದ್ದ. ಆ ಕಥೆ ಶುರುವಾದಾಗ ನೀಲಾವತಿ ಅಲ್ಲಿ ಇರುತ್ತಿರಲಿಲ್ಲ. ಚನಿಯಪ್ಪ ಅದನ್ನು ಗಮನಿಸಿರಲಿಲ್ಲ.

ಗಂಡಸರು ಕೆಲವೊಮ್ಮೆ ಎಷ್ಟು ದಡ್ಡರು ಅಂದರೆ, ಅವನು ಲೆಕ್ಕ ಹಾಕಿದ್ದು ಹೀಗೆ: ಇಂಥ ಅಪ್ಪನ ಮಗಳಿಗೆ ಇಂಥದೇ ಧೈರ್ಯದ ಗಂಡು ಬೇಕು. ಹಾಗಾಗಿ ಅವಳು ನೋಡುವಾಗ ಅವನು ರೋಪಿಗೆ ಇನ್ನಷ್ಟು ಹತ್ತಿರ ನಿಲ್ಲುತ್ತಿದ್ದ. ರೋಪು ಬಿಗಿದು ಕಿರ್ರೆಂದು ಕೀರಲು ತೊಡಗಿದಾಗ ಅವನ ಕಣ್ಣು ತನ್ನಷ್ಟಕ್ಕೇ ಓಡುವ ದಾರಿ ಹುಡುಕುತ್ತಿತ್ತು. ಅದನ್ನು ಅವನು ಯಾರಿಗೂ ಹೇಳಿರಲಿಲ್ಲ.

ಐವತ್ತೆಂಟನೇ ಇಸವಿಯ ಮೇ ತಿಂಗಳ ಕೊನೆ. ಮಧ್ಯಾಹ್ನ ಘಟ್ಟದ ಕಡೆ ಮೋಡ ಕಪ್ಪಾಗಿತ್ತು. ಹಾಜಬ್ಬ ಸಾವುಕಾರರು ಕೂಪಿನ ಆಳುಗಳಿಗೆ ಅಕ್ಕಿಮೂಟೆ ಹೇರಿಕೊಂಡು ತಾವೇ ಜೀಪು ಓಡಿಸಿಕೊಂಡು ಬಂದವರು ಹೊಳೆಯ ನಡುವೆ ಹೂತುಹೋದರು. ಹೂತ ಮೇಲೆ ಸುಮ್ಮನೆ ಇಳಿಯಬೇಕಿತ್ತು. ಅವರು ಆಕ್ಸಿಲೇಟರ್ ಒತ್ತಿದ್ದೇ ಒತ್ತಿದ್ದು. ಚಕ್ರ ತನ್ನ ಗುಂಡಿಯನ್ನು ತಾನೇ ತೋಡಿಕೊಂಡು ಅಚ್ಚಿನವರೆಗೆ ಇಳಿಯಿತು. ಆಳುಗಳನ್ನು ಹೊತ್ತ ಚನಿಯಪ್ಪನ ಲಾರಿ ಬರುವಷ್ಟರಲ್ಲಿ ಮೇಲಿನಿಂದ ಕೆಂಪು ನೀರು ಬರಲು ಶುರುವಾಗಿತ್ತು.

ಒಳ್ಳೆಯ ರೋಪು ಇನ್ನೊಂದು ಲಾರಿಯ ಜೊತೆ ಚಾರ್ಮಾಡಿ ಕಡೆ ಹೋಗಿತ್ತು. ಉಳಿದದ್ದು ಹಳೆಯದು. ಅದನ್ನು ಲಾರಿಯಿಂದ ಇಳಿಸುವಾಗ ನೀಲಾವತಿ ದಡ ಇಳಿದು ಬಂದು ಸೆರಗಿನ ತುದಿಯನ್ನು ಅದರ ಮೇಲೆ ಉದ್ದಕ್ಕೆ ಎಳೆದಳು. ಎರಡು ಕಡೆ ನೂಲು ಸಿಕ್ಕಿಕೊಂಡಿತು. ಅಲ್ಲಿ ತಂತಿಯ ಎಳೆಗಳು ತುಂಡಾಗಿ ಮುಳ್ಳಿನ ಹಾಗೆ ಎದ್ದಿದ್ದವು.

"ಇದು ಬೇಡ," ಎಂದಳು. ಅವನ ಜೊತೆ ಅವಳು ಚಾದ ಮಾತು ಬಿಟ್ಟು ಬೇರೆ ಆಡಿದ್ದು ಅದೇ ಮೊದಲು. "ಮೊದಲು ಮೂಟೆ ಇಳಿಸಿ. ಚಕ್ರದ ಹೊಯಿಗೆ ತೆಗೀರಿ, ಹಲಗೆ ಕೊಡಿ. ಆಮೇಲೆ ದೋಣಿಯ ನಾರಿನ ಹಗ್ಗ ಎರಡು ಮಡಿಕೆ ಮಾಡಿ ಎಳೆದರೂ ಬರ್ತದೆ."

ಅಷ್ಟಾಗುವಾಗ ಜೀಪು ನೀರಲ್ಲಿ ಕೊಚ್ಚಿಹೋಗಿ ಕೆಳಗಿನ ಗುರುಪುರ ಮುಟ್ಟಿರುತ್ತದೆ ಎಂದು ಹಾಜಬ್ಬ ಗೋಳಾಡಿದರು. ಅವಳು ಹೇಳಿದ್ದು ಸರಿ ಎಂದು ಚನಿಯಪ್ಪನಿಗೆ ಗೊತ್ತಿತ್ತು. ಆದರೆ ಅವಳು ಎದುರಿಗೇ ನಿಂತಿದ್ದಳು, ಕಣ್ಣು ನೆಟ್ಟು. ಆ ಕಣ್ಣಿನ ಮುಂದೆ ಹಿಂದೆ ಸರಿಯುವುದು ಅವನಿಂದ ಆಗಲಿಲ್ಲ. ನಾನು ಕಟ್ಟಿದ್ದು ಹರಿಯುವುದಿಲ್ಲ ಎಂದುಬಿಟ್ಟ. ಅವಳ ಮುಖ ಬಿಗಿಯಿತು.

ಅವನು ರೋಪಿನ ಒಂದು ತುದಿ ಹಿಡಿದು ಜೀಪಿನ ಕಡೆ ನಡೆದ. ನೀರಲ್ಲಿ ಮಲಗಿ, ಬಂಪರಿಗಲ್ಲ, ಅದರ ಹಿಂದಿನ ಚಾಸಿಸಿಗೆ ಕೊಂಡಿ ಹಾಕಿದ. ಗೇರು ಬಿಡಿಸಿ, ಚಕ್ರ ನೇರ ಮಾಡಿ, ಸ್ಟೇರಿಂಗನ್ನು ಕಟ್ಟಿಟ್ಟ. ಇನ್ನೊಂದು ತುದಿಯನ್ನು ಲಾರಿಗೆ ತಾನೇ ಕಟ್ಟಬೇಕೆಂದು ಒದ್ದೆಯಾಗಿ ಮರಳುವಾಗ ಅದು ಆಗಲೇ ಲಾರಿಯ ಹಿಂದಿನ ಕೊಕ್ಕೆಯಲ್ಲಿತ್ತು. ಸುತ್ತು ಸರಿಯಾಗಿತ್ತು, ಪಿನ್ನು ಸರಿಯಾಗಿತ್ತು. ಅದು ಹುಕ್ರಪ್ಪನ ಕೈಚಳಕ, ಆದರೆ ಹುಕ್ರಪ್ಪ ದಡದ ಮೇಲೆ ಬೆಂಚಿನಲ್ಲಿ ಕೂತಿದ್ದ.

ರೋಪಿನ ಪಕ್ಕದಲ್ಲಿ, ಅದರ ಮೇಲೆ ಬಲಗೈ ಇಟ್ಟುಕೊಂಡು, ನೀಲಾವತಿ ನಿಂತಿದ್ದಳು.

ಆಚೆ ಹೋಗು ಎಂದ ಚನಿಯಪ್ಪ.

"ಕಟ್ಟಿದ್ದು ನಾನು," ಎಂದಳು. "ನಿಲ್ಲುವುದೂ ನಾನೇ. ನಿಮ್ಮ ಕಟ್ಟಳೆ ಅಲ್ವಾ?"

ಆಳುಗಳು ಒಬ್ಬರ ಮುಖ ಒಬ್ಬರು ನೋಡಿಕೊಂಡರು. ರುಕ್ಮಯ್ಯ ಎಂಜಿನ್ ಶುರು ಮಾಡಿ, ಕ್ಲಚ್ಚಿನ ಮೇಲೆ ಕಾಲಿಟ್ಟು, ಎಳೆಯಬೇಕೋ ಬೇಡವೋ ತಿಳಿಯದೆ ಕಿಟಕಿಯಿಂದ ತಲೆ ಹೊರಗೆ ಹಾಕಿದ. ಹೆಂಗಸು ನಿಲ್ಲಬಾರದು ಎಂದು ಯಾರೋ ಗೊಣಗಿದರು. ಕಟ್ಟಬಾರದು ಎಂದು ಕಟ್ಟುವಾಗ ಯಾಕೆ ಹೇಳಲಿಲ್ಲ ಎಂದು ಅವಳು ಕೇಳಿದಳು. ನೀರು ಜೀಪಿನ ಚಕ್ರದ ಮಧ್ಯಕ್ಕೆ ಬಂತು.

ಹುಕ್ರಪ್ಪ ಊರುಗೋಲು ಹಿಡಿದು ದಡ ಇಳಿದು ಬಂದ. ಆ ಹೊಯಿಗೆಯಲ್ಲಿ ಅವನು ಕಾಲಿಡದೆ ವರ್ಷಗಳಾಗಿದ್ದವು. ಮಗಳೇ ಈಚೆ ಬಾ ಎಂದ. ಸ್ವರ ಅರ್ಧಕ್ಕೆ ಒಡೆಯಿತು.

"ಯಾಕೆ ಅಪ್ಪ? ನನ್ನ ಕಟ್ಟಿನ ಮೇಲೆ ಭರವಸೆ ಇಲ್ವಾ?"

ಚನಿಯಪ್ಪ ಅವಳ ಕೈಯನ್ನು ನೋಡಿದ. ತುಂಡಾದ ಎಳೆಯೊಂದು ಅವಳ ಬೆರಳ ಸಂದಿನಲ್ಲಿ ಚುಚ್ಚಿ ರಕ್ತದ ಚುಕ್ಕೆ ಮೂಡಿತ್ತು. ರೋಪು ಹರಿದರೆ ಅದು ಎಲ್ಲಿಗೆ ಹೊಡೆಯುತ್ತದೆ ಎಂದು ಅವನಿಗೆ ಚೆನ್ನಾಗಿ ಗೊತ್ತಿತ್ತು. ತಾನು ನಿಲ್ಲುವಾಗ ತನಗಾಗಿ ಹುಡುಕುತ್ತಿದ್ದ ಓಡುವ ದಾರಿಯನ್ನು ಈಗ ಅವಳಿಗಾಗಿ ಹುಡುಕಿದ. ದಡದಿಂದ ತನ್ನನ್ನು ನೋಡುತ್ತಿದ್ದ ಆ ಕಣ್ಣುಗಳು ಇಷ್ಟು ದಿನ ಏನನ್ನು ನೋಡುತ್ತಿದ್ದವು ಎಂದು ಅವನಿಗೆ ಆಗ ಅರ್ಥವಾಯಿತು. ಅವಳು ಒಲ್ಲೆ ಅಂದದ್ದು ಅವನನ್ನಲ್ಲ, ರೋಪಿನ ಪಕ್ಕ ಅವನು ಹೀಗೆ ನಿಲ್ಲುವುದನ್ನು.

ಅವನು ಎಲ್ಲರೆದುರು, ಲಾರಿಯ ಸದ್ದಿಗಿಂತ ಮೇಲೆ ಕೇಳುವ ಹಾಗೆ ಹೇಳಿದ:

"ನನಗೆ ಹೆದರಿಕೆ ಆಗ್ತದೆ, ನೀಲಾವತಿ. ಈಗ ಮಾತ್ರ ಅಲ್ಲ. ನಾನು ನಿಂತಾಗಲೆಲ್ಲ ಹೆದರಿದ್ದೇನೆ. ಇನ್ನು ನಾನು ನಿಲ್ಲುವುದಿಲ್ಲ. ನೀನೂ ಬಾ."

ಆಳುಗಳಲ್ಲಿ ಒಬ್ಬ ನಕ್ಕ. ಉಳಿದವರು ನಗಲಿಲ್ಲ. ಮುಂದೆ ತನ್ನನ್ನು ಯಾರೂ ಕೆಲಸಕ್ಕೆ ಕರೆಯದಿದ್ದರೂ ಸರಿ ಎಂದು ಚನಿಯಪ್ಪನಿಗೆ ಆ ಗಳಿಗೆಯಲ್ಲಿ ಅನ್ನಿಸಿತು, ನಿಜವಾಗಿಯೂ ಅನ್ನಿಸಿತು. ನೀಲಾವತಿ ರೋಪಿನಿಂದ ಕೈ ತೆಗೆದಳು.

ಹಾಜಬ್ಬರು ಆ ರೋಪಿನಲ್ಲೇ ಒಂದೇ ಒಂದು ಸಲ ಎಳೆದು ನೋಡುವ ಎಂದು ಕೈಮುಗಿದರು. ಒಪ್ಪಿದ ಚನಿಯಪ್ಪ, ತಾನು ಹೇಳಿದ ಹಾಗೆಯೇ ಆಗಬೇಕು ಎಂದ. ನೀರಲ್ಲಿ ಅದ್ದಿದ ದಪ್ಪ ಗೋಣಿಗಳನ್ನು ರೋಪಿನ ಮೇಲೆ ಅಲ್ಲಲ್ಲಿ ಹೊದಿಸಿದ, ಹರಿದರೂ ಹಾರುವ ಜೋರು ಕಡಿಮೆಯಾಗಲಿ ಎಂದು. ಲಾರಿಯ ಹಿಂದಿನ ಹಲಗೆಯನ್ನು ಎತ್ತಿ ಬಿಗಿದ. ರೋಪಿನ ಉದ್ದಕ್ಕಿಂತಲೂ ದೂರಕ್ಕೆ, ಅದು ಹೋಗುವ ಸಾಲಿನಿಂದ ಪಕ್ಕಕ್ಕೆ, ಎಲ್ಲರನ್ನೂ ಕಳುಹಿಸಿದ. ಹುಕ್ರಪ್ಪನನ್ನು ತಾನೇ ಹೊತ್ತುಕೊಂಡು ಹೋದ. ಕೊನೆಗೆ ರುಕ್ಮಯ್ಯನಿಗೆ, ಜಗ್ಗಬೇಡ, ಮೆಲ್ಲ ಹೋಗು ಎಂದು ಕೈ ಬೀಸಿದ.

ರೋಪು ನೆಲದಿಂದ ಎದ್ದಿತು. ಬಿಗಿಯಿತು. ಕೀರಲು ತೊಡಗಿತು. ಜೀಪು ಒಂದಿಷ್ಟು ಅಲುಗಿತು.

ಆಮೇಲೆ ಕೋವಿ ಹೊಡೆದಂಥ ಒಂದು ಸದ್ದು. ತುಂಡಾದ ರೋಪು ಗೋಣಿಗಳನ್ನೂ ಎಳೆದುಕೊಂಡು ಹಾರಿ, ನೀಲಾವತಿ ನಿಂತಿದ್ದ ಜಾಗದ ಹೊಯಿಗೆಯನ್ನು ಸೀಳಿ, ಲಾರಿಯ ಹಲಗೆಯನ್ನು ಎರಡು ಹೋಳು ಮಾಡಿತು. ನೀಲಾವತಿಯ ಕೈ ಚನಿಯಪ್ಪನ ತೋಳನ್ನು ಹಿಡಿದಿತ್ತು. ಯಾವಾಗ ಹಿಡಿದದ್ದು ಎಂದು ಇಬ್ಬರಿಗೂ ತಿಳಿಯಲಿಲ್ಲ.

ಮತ್ತೆ ಅವಳು ಹೇಳಿದ ಹಾಗೆಯೇ ನಡೆಯಿತು. ನಕ್ಕವನೇ ಎಲ್ಲರಿಗಿಂತ ಮೊದಲು ನೀರಿಗೆ ಇಳಿದು ಮೂಟೆ ಹೊತ್ತ. ಹೊಯಿಗೆ ತೆಗೆದು, ಚಕ್ರದ ಮುಂದೆ ಹಲಗೆ ಕೊಟ್ಟು, ದೋಣಿಯ ನಾರಿನ ಹಗ್ಗವನ್ನು ಎರಡು ಮಡಿಕೆ ಮಾಡಿ ಕಟ್ಟಿದರು. ಜೀಪಿನ ತುದಿಗೆ ಚನಿಯಪ್ಪ, ಲಾರಿಯ ತುದಿಗೆ ನೀಲಾವತಿ. ಕಟ್ಟಿ ಇಬ್ಬರೂ ದೂರ ನಡೆದರು, ಅವರ ಹಿಂದೆ ಉಳಿದವರೂ. ಖಾಲಿ ಜೀಪು ಹಲಗೆ ಹತ್ತಿ, ನೀರು ಸುರಿಸುತ್ತಾ ದಡಕ್ಕೆ ಬಂತು. ಹಾಜಬ್ಬರು ಅದನ್ನು ಸವರಿದರು. ಅದನ್ನು ನೋಡದವರು ಅಲ್ಲಿ ಇಬ್ಬರೇ.

ಮಳೆ ಹನಿಯತೊಡಗಿದಾಗ ಚನಿಯಪ್ಪ ಅಂಗಡಿಯ ಮುಂದೆ ಹುಕ್ರಪ್ಪನ ಎದುರು ನಿಂತ. ಈ ಸಲ ನಡುವೆ ರುಕ್ಮಯ್ಯ ಬೇಡ ಎಂದು ತಾನೇ ಕೇಳಿದ. ಹೆದರಿದವನಿಗೆ ಮಗಳನ್ನು ಕೊಡ್ತೀರಾ ಎಂದೂ ಕೇಳಿದ.

ಹುಕ್ರಪ್ಪ ತನ್ನ ಇಲ್ಲದ ಕಾಲಿನ ಕಡೆ ನೋಡುತ್ತಾ ಕೂತ.

"ಆ ದಿನ ರೋಪು ಕೀರಿದ್ದು ನನಗೆ ಕೇಳಿತ್ತು ಚನಿಯ," ಎಂದ. "ಓಡಲಿಕ್ಕೆ ಸಮಯ ಇತ್ತು. ಎಲ್ಲರೂ ನೋಡ್ತಿದ್ದರು. ನಾಚಿಕೆಯಾಗಿ ನಿಂತೆ."

ಬಾಗಿಲಲ್ಲಿ ನಿಂತಿದ್ದ ನೀಲಾವತಿ ಅದನ್ನು ಮೊದಲ ಸಲ ಕೇಳಿದಳು. ಬಂದು ಅಪ್ಪನ ಹೆಗಲ ಮೇಲೆ ಕೈಯಿಟ್ಟಳು. ಅವಳ ಕಣ್ಣು ತುಂಬಿತ್ತು, ಆದರೆ ನೋಡಿದ್ದು ಚನಿಯಪ್ಪನನ್ನು. ಈ ಸಲ ಕಣ್ಣು ತಪ್ಪಿಸಲಿಲ್ಲ.

"ಇನ್ನು ಓಡಬೇಕಾದಾಗ ಓಡ್ತೀರಾ?"

"ಓಡ್ತೇನೆ."

"ಯಾರು ನಕ್ಕರೂ?"

"ಯಾರು ನಕ್ಕರೂ."

"ಎಲ್ಲಿಗೆ?"

"ಇಲ್ಲಿಗೆ," ಎಂದ ಚನಿಯಪ್ಪ.

ಅವಳು ಬಾಗಿಲ ಕಡೆ ತಿರುಗಿದಳು. ಮತ್ತೆ, ಮಳೆಯಲ್ಲಿ ನಿಂತು ಮಾತಾಡುವುದು ಯಾಕೆ, ಒಳಗೆ ಬನ್ನಿ ಎಂದಳು.