ಸೆಪ್ಟೆಂಬರ್ ಒಂಬತ್ತರ ಒಳಗೆ

ಹಿಲರಿ ಬಾಗಿಲು ತಳ್ಳಿ ಒಳಗೆ ಬಂದಾಗ ಲೊರೆಟ್ಟಾ ತಲೆ ಎತ್ತಲಿಲ್ಲ. ಎತ್ತಿದರೆ ಮುಖ ಎಲ್ಲವನ್ನೂ ಹೇಳಿಬಿಡುತ್ತದೆ ಎಂಬ ಭಯ ಅವಳಿಗೆ.

ಅಪ್ಪರ್ ಹಿಲ್‌ನ ಆ ಟ್ರಾವೆಲ್ ಆಫೀಸಿನಲ್ಲಿ ಹಿಡಿದಿಟ್ಟ ವಿಮಾನದ ಸೀಟು ಒಂದು ವಾರ ಮಾತ್ರ ಉಳಿಯುತ್ತಿತ್ತು. ಮುಂದುವರಿಸಲು ಒಂದು ಫೋನ್ ಸಾಕು. ಆದರೂ ಹಿಲರಿ ಪ್ರತಿ ಗುರುವಾರ ತಾನು ಕೆಲಸ ಮಾಡುವ ಎಂಬಕಸಿ ಬಡಾವಣೆಯ ಸರಕು ಕಂಪನಿಯಿಂದ ಮಟಾಟು ವ್ಯಾನ್ ಹಿಡಿದು ಖುದ್ದಾಗಿ ಬರುತ್ತಿದ್ದ. ಇದು ಐದನೆಯ ಗುರುವಾರ.

"ಬಂದ್ರು ನೋಡು ನಿನ್ನ ಹಾಂಗ್‌ಕಾಂಗ್," ಪಕ್ಕದ ಮೇಜಿನ ಫ್ಲಾವಿಯಾ ಪಿಸುಗುಟ್ಟಿದಳು. "ಶರ್ಟಿಗೆ ಇಸ್ತ್ರಿ ಬೇರೆ!"

"ಸುಮ್ಮನಿರು ಮಾರಾಯ್ತಿ."

ಹಿಲರಿ ಎದುರಿಗೆ ಕುಳಿತ. ಅವನ ನೋಟ ಅವಳ ಕಿವಿಯ ಲೋಲಾಕಿನ ಮೇಲೆ ಒಂದು ಕ್ಷಣ ನಿಂತು, ತಪ್ಪು ಮಾಡಿದವರ ಹಾಗೆ ಗೋಡೆಯ ಕ್ಯಾಲೆಂಡರಿಗೆ ಓಡಿತು.

"ಸೀಟು ಇನ್ನೊಂದು ವಾರ ಇಡುದಾ?" ಲೊರೆಟ್ಟಾ ಕೇಳಿದಳು.

"ಬೇಡ. ಟಿಕೆಟೇ ಮಾಡಿ. ಒನ್-ವೇ."

ಲೊರೆಟ್ಟಾಳ ಪೆನ್ನು ನಿಂತಿತು.

"ನಂಗೆ ಬೇರೆ ದಾರಿ ಇಲ್ಲ," ಅವನೆಂದ. "ಅಪ್ಪ ನಲವತ್ತು ವರ್ಷ ಹಾಂಗ್‌ಕಾಂಗ್‌ನಲ್ಲಿ ಕ್ಲರ್ಕ್ ಆಗಿದ್ರು. ನಾನು ಹುಟ್ಟಿದ್ದೂ ಅಲ್ಲೇ. ಬ್ರಿಟಿಷರು ಊರನ್ನು ಚೀನಾಕ್ಕೆ ಕೊಟ್ಟ ಮೇಲೆ ಹೊಸ ಕಾನೂನು. ನಮ್ಮಂಥ ಹೊರಗಿನವರು ಮೂರು ವರ್ಷ ಆಚೆ ಉಳಿದ್ರೆ ಖಾಯಂ ವಾಸದ ಹಕ್ಕು ಹೋಯ್ತು. ಸೆಪ್ಟೆಂಬರ್ ಒಂಬತ್ತಕ್ಕೆ ನಾನು ಇಲ್ಲಿಗೆ ಬಂದು ಮೂರು ವರ್ಷ. ಅಮ್ಮ ಫೋನಿನಲ್ಲಿ ಅಳ್ತಾರೆ."

ಲೊರೆಟ್ಟಾ ಡ್ರಾಯರ್ ಅರ್ಧ ತೆರೆದಳು, ಮುಚ್ಚಿದಳು. ಸೋಮವಾರ ಬಂದ ಫ್ಯಾಕ್ಸ್ ಅಲ್ಲಿತ್ತು. ಹನ್ನೊಂದು ಸಲ ಓದಿದ್ದಳು. ಆದರೂ ತಾನು ಅರ್ಥ ಮಾಡಿಕೊಂಡದ್ದೇ ತಪ್ಪಾಗಿದ್ದರೆ? ತನ್ನ ಮಾತು ನಂಬಿ ಅವನ ಹಕ್ಕು ಹೋದರೆ? ಅದಕ್ಕಿಂತ ಕೆಟ್ಟ ಪ್ರಶ್ನೆ ಇನ್ನೊಂದು: ಇದನ್ನು ಅವನ ಒಳ್ಳೆಯದಕ್ಕೆ ಹೇಳುತ್ತಿದ್ದೇನೆಯೋ, ನನ್ನ ಆಸೆಗೋ?

ಕೊನೆಗೆ ಕಾಗದವನ್ನು ಅವನ ಮುಂದೆ ಸರಿಸಿದಳು.

"ಬೈಬೇಡಿ. ನಿಮ್ಮನ್ನು ಕೇಳದೆ ಅಲ್ಲಿನ ವಲಸೆ ಕಚೇರಿಗೆ ಬರೆದಿದ್ದೆ. ನಿಮ್ಮ ಹೆಸರು ಹಾಕ್ಲಿಲ್ಲ. ಇದು ಅವರ ಉತ್ತರ. ಮೂರು ವರ್ಷ ಒಂದೇ ಸಮನೆ ಹೊರಗಿದ್ರೆ ಮಾತ್ರ ತೊಂದರೆ. ಅದರೊಳಗೆ ಒಮ್ಮೆ ಹೋಗಿ ಬಂದ್ರೆ ಲೆಕ್ಕ ಪುನಃ ಮೊದಲಿಂದ ಶುರು."

"ಅಂದ್ರೆ, ಹತ್ತು ದಿನ ಅಮ್ಮನ ಹತ್ರ ಇದ್ದು ಬಂದ್ರೆ ಸಾಕಾ?"

"ಸಾಕು. ಬರ್ಲೇಬೇಕು ಅಂತ ಇಲ್ಲ ಮತ್ತೆ! ಅಲ್ಲೇ ಉಳೀಬಹುದು. ನಾನು ಕಾನೂನು ಹೇಳಿದ್ದು ಅಷ್ಟೆ."

"ಕಾನೂನು ಹಾಗಿರ್ಲಿ. ನಿಮಗೆಂತ ಬೇಕು?"

ಪಕ್ಕದಲ್ಲಿ ಫ್ಲಾವಿಯಾಳ ಟೈಪಿಂಗ್ ನಿಂತಿತು. ಲೊರೆಟ್ಟಾಳ ಕೆನ್ನೆ ಕಿವಿಯವರೆಗೂ ಬಿಸಿಯಾಯಿತು.

"ರಿಟರ್ನ್," ಎಂದಳು.

ಹಿಲರಿಯ ನಗು ಕಣ್ಣಿನಲ್ಲಿ ಶುರುವಾಗಿ ಮುಖವೆಲ್ಲ ಹಬ್ಬಿತು. "ಹೋಗ್ಬೇಡಿ ಅಂತೀರೇನೋ ಅಂತ ಐದು ವಾರ ಕಾದೆ."

"ಕೇಳ್ಲಿಕ್ಕೆ ನಿಮಗೆ ಬಾಯಿ ಇರ್ಲಿಲ್ವಾ?"

"ಬಾಯಿ ಇತ್ತು. ಧೈರ್ಯ ಇರ್ಲಿಲ್ಲ."

ಅವಳು ನಕ್ಕಳು. ನಗುತ್ತಲೇ ಟಿಕೆಟ್ ಪುಸ್ತಕ ಎಳೆದುಕೊಂಡಳು. "ವಾಪಸ್ ಯಾವಾಗ?"

"ಸೆಪ್ಟೆಂಬರ್ ಹನ್ನೊಂದು, ಶನಿವಾರ. ಮರುದಿನ ಇಗರ್ಜಿಯಲ್ಲಿ ಪಾದ್ರಿಗಳು ಮದುವೆಯಾಗುವವರ ಹೆಸರು ಓದುವಾಗ ನಾನು ಇಲ್ದಿದ್ರೆ ಚಂದ ಉಂಟಾ?"

"ಯಾರ ಹೆಸರು?"

"ಒಂದು ನನ್ನದು. ಇನ್ನೊಂದನ್ನು ನೀವು ಹೇಳ್ಬೇಕು. ಮದುವೆಗೆ ಮುಂಚೆ ಮೂರು ಭಾನುವಾರ ಓದ್ಬೇಕಲ್ಲ, ಸ್ವಲ್ಪ ಬೇಗ ಹೇಳಿ."

"ಹೇಳೇ!" ಫ್ಲಾವಿಯಾ ಕೂಗಿಯೇಬಿಟ್ಟಳು. "ನಿನ್ನ ಅಮ್ಮನಿಗೆ ನಾನು ಫೋನ್ ಮಾಡ್ತೇನೆ!"

ಲೊರೆಟ್ಟಾ ತಾರೀಖನ್ನು ಎರಡು ಸಲ ಸರಿನೋಡಿ, ಟಿಕೆಟ್ ಹರಿದು, ಅವನ ಅಂಗೈಯಲ್ಲಿಟ್ಟಳು. ಕೈ ಹಿಂದಕ್ಕೆ ತೆಗೆದುಕೊಳ್ಳುವುದನ್ನು ಮರೆತಳು.

"ಫ್ಲೈಟ್ ತಪ್ಪಿಸಿದ್ರೆ ನೋಡಿ," ಎಂದಳು ಮೆಲ್ಲಗೆ. "ನಮ್ಮ ಹೆಸರು ಓದುವಾಗ ನಾನು ಒಬ್ಬಳೇ ಕೂತುಕೊಳ್ಳುದಿಲ್ಲ."