ಕೆಳದಾರಿಗೆ ಬಂದ ಹಳದಿ ರಿಬ್ಬನ್

ಭಾನುವಾರ ಮಧ್ಯಾಹ್ನ ಒಂದೂವರೆಗೆ ಕಡಲಂಚಿನ ಠಾಣೆಗೆ ಏದುಸಿರು ಬಿಡುತ್ತಾ ಬಂದ ತಾಯಿಯೊಬ್ಬಳು ದೂರು ಕೊಟ್ಟಳು. ಗುಡ್ಡ ಹತ್ತಲು ಹೊರಟಿದ್ದ ಎಂಟು ವರ್ಷದ ಮಗಳು ಕಾಣೆಯಾಗಿದ್ದಳು. ಬಾಯಿಗೆ ಬಿಡುವಿಲ್ಲದ ಹುಡುಗಿ. ಮನೆಯಲ್ಲಿ ಅವಳನ್ನು ಕರೆಯುವುದೇ ಚಿನಕುರುಳಿ ಎಂದು. ಮಹಿಳಾ ಕಾನ್‌ಸ್ಟೆಬಲ್ ಎಫ್‌ಐಆರ್ ಬರೆಯುವಷ್ಟರಲ್ಲಿ ಇನ್ಸ್‌ಪೆಕ್ಟರ್ ಬೂಟಿನ ಲೇಸು ಬಿಗಿದಾಗಿತ್ತು.

"ಒಬ್ಬಳನ್ನೇ ಬಿಟ್ರಾ?"

"ವರ್ಷಕ್ಕೊಂದ್ಸಲ ಮನೆಯವರೆಲ್ಲ ಗುಡ್ಡ ಹತ್ತುವಾಗ ನಡೆಯೋ ಮಕ್ಕಳಲ್ಲಿ ಚಿಕ್ಕವರೇ ಮುಂದೆ ಸರ್. ಹಿಂದಿನ ದಿನ ದಾರಿಗೆ ಹಳದಿ ರಿಬ್ಬನ್ ಕಟ್ಟಿರ್ತೀವಿ, ಹುಡುಕ್ತಾ ಹೋಗ್ತಾರೆ. ಕೈಗೂಸು ಅಳ್ತು ಅಂತ ಕೂತೆ, ಓಡಿಬಿಟ್ಲು. ಗುಡ್ಡದ ತುದೀಲೂ ಇಲ್ಲ."

"ಮುಂದಿನ ರಿಬ್ಬನ್ ಕಾಣ್ದಿದ್ರೆ?"

"ಇದ್ದಲ್ಲೇ ಕೂತು ಸೀಟಿ ಊದ್ಬೇಕು. ನಮ್ಮಪ್ಪ ಕಲಿಸಿದ ಪಾಠ."

ಜೀಪು ಗುಡ್ಡದ ಬುಡದ ಕವಲಿನಲ್ಲಿ ನಿಂತಿತು. ಒಂದು ದಾರಿ ಮೇಲಕ್ಕೆ, ಇನ್ನೊಂದು ಸಮತಟ್ಟಾಗಿ ಕಡಲಿನ ಬಂಡೆಗಳ ಕಡೆಗೆ. ರಿಬ್ಬನ್ ಇದ್ದದ್ದು ಕೆಳದಾರಿಯ ಗಿಡದಲ್ಲಿ.

"ನಾವು ಕಟ್ಟಿದ್ದು ಮೇಲ್ಗಡೆ" ಎಂದಳು ತಾಯಿ. ದಾರಿ ಗೊತ್ತಿದ್ದವರು ಗುರುತು ನೋಡುವುದಿಲ್ಲ. ಗಂಡ ಹೆಂಡತಿ ಇಬ್ಬರೂ ನೇರ ಗುಡ್ಡ ಹತ್ತಿದ್ದರು. ಕೂಸನ್ನು ಎತ್ತಿಕೊಂಡು ಗಂಡ ಇನ್ನೂ ಮೇಲೆಯೇ ಹುಡುಕುತ್ತಿದ್ದ.

ಕಾನ್‌ಸ್ಟೆಬಲ್ ಬಿಚ್ಚಲು ಕೈ ಹಾಕಿದಳು. "ಪಂಚನಾಮೆ ಆಗೋ ತನಕ ಗಂಟು ಮುಟ್ಬೇಡ" ಎಂದರು ಇನ್ಸ್‌ಪೆಕ್ಟರ್. ತಾಯಿ ಬಗ್ಗಿ ನೋಡಿದವಳು ಬಿಳಿಚಿಕೊಂಡಳು.

"ಕುಣಿಕೆ ಮಡಚಿ ಒಳಗೆ ತೂರಿಸಿದ್ದಾರೆ. ಮಕ್ಕಳ ಶೂಗೆ ನಮ್ಮಪ್ಪ ಒಬ್ರೇ ಹೀಗೆ ಕಟ್ಟೋದು. ಮಂಡಿನೋವು ಅಂತ ಮನೇಲಿ ಬಿಟ್ಟು ಬಂದಿದ್ವಿ."

ಮನೆಗೆ ಫೋನ್ ಮಾಡಿದರೆ ಯಾರೂ ಎತ್ತಲಿಲ್ಲ. ಅಷ್ಟರಲ್ಲಿ ಕಡಲ ಕಡೆಯಿಂದ ಸೀಟಿಯ ಸದ್ದು ಬಂತು. ಭರತದ ನೀರು ಏರುತ್ತಿತ್ತು. ಮೂವರೂ ಎದ್ದೆನೋ ಬಿದ್ದೆನೋ ಎಂದು ಓಡಿದರು.

ಚಿನಕುರುಳಿ ಬಂಡೆಯ ಮೇಲೆ ಕಾಲು ಮಡಚಿ ಕೂತಿದ್ದಳು. ಸುತ್ತ ನೀರು. ಇನ್ಸ್‌ಪೆಕ್ಟರ್ ಸೊಂಟದ ತನಕ ಇಳಿದು ಹೆಗಲ ಮೇಲೆ ಕೂರಿಸಿಕೊಂಡರು.

"ಅಂಕಲ್, ಮುಂದಿನ ರಿಬ್ಬನ್ ಮುಳುಗಿಹೋಯ್ತು. ಅದಕ್ಕೇ ಕೂತೆ. ಎಷ್ಟೊತ್ತು ಊದೋದು, ನಿಮಗೆ ಕಿವಿ ಕೇಳ್ಸಲ್ವಾ?"

ತಾಯಿ ಅಳುತ್ತಲೇ ನಕ್ಕಳು. ಬಂಡೆಯ ಆಚೆ ಬದಿಯಲ್ಲಿ ಮುದುಕರೊಬ್ಬರು ಎದೆಮಟ್ಟದ ನೀರಿನಲ್ಲಿ ಸೀಟಿಯ ದಿಕ್ಕಿಗೆ ತಡವರಿಸುತ್ತಿದ್ದರು. ಕಾನ್‌ಸ್ಟೆಬಲ್ ರಟ್ಟೆ ಹಿಡಿದು ಎಳೆದಳು.

"ಮಗು?"

"ಸಿಕ್ಕಳು ಅಜ್ಜ."

ಆಗಷ್ಟೇ ಅವರು ದಡದ ಕಡೆ ತಿರುಗಿದರು.

ಸಂಜೆ ನಾಲ್ಕಕ್ಕೆ, ಮಗುವಿನ ಜೀವಕ್ಕೆ ಅಪಾಯ ತಂದ ಆರೋಪದ ಮೇಲೆ, ಅಜ್ಜನನ್ನು ದಸ್ತಗಿರಿ ಮಾಡಲಾಯಿತು.

"ನೀರು ಏರೋ ಹೊತ್ತು ಲೆಕ್ಕ ಹಾಕ್ಲಿಲ್ವಾ?" ಎಂದು ಕೇಳಿದರು ಇನ್ಸ್‌ಪೆಕ್ಟರ್.

"ಅವಳು ಬರೋ ಹೊತ್ತೇ ಲೆಕ್ಕ ಹಾಕ್ತಿದ್ದೆ. ಅಪ್ಪ ಅಮ್ಮ ಹಿಂದೇನೇ ಇರ್ತಾರೆ ಅಂದ್ಕೊಂಡೆ."

"ಯಾಕೆ ಮಾಡಿದ್ರಿ?"

"ಬರೋ ವರ್ಷ ಅವಳ ತಮ್ಮ ನಡೀತಾನೆ, ಮುಂದೆ ಹೋಗೋ ಸರದಿ ಅವನದು. ಇದು ಇವಳ ಕೊನೇ ಸಲ. ಪ್ರತಿ ಸಲ ತುದೀಲಿ ನಿಂತು ಎದುರುಗೊಳ್ತಿದ್ದವನು ನಾನು. ಈ ಸಲ ಹತ್ತೋಕಾಗ್ಲಿಲ್ಲ. ಕೆಳಗೇ ಬರ್ಲಿ ಅಂತ ರಿಬ್ಬನ್ ಬಿಚ್ಚಿ ಈ ಕಡೆ ಕಟ್ಟಿ, ಬಂಡೆ ಆಚೆ ಕಾಯ್ತಿದ್ದೆ..."

ಹೇಳಿಕೆಗೆ ಸಹಿ ಬಿತ್ತು. ಜಾಮೀನಿಗೆ ಸಹಿ ಹಾಕಿದವಳು ದೂರು ಕೊಟ್ಟ ಮಗಳೇ. ಪೆನ್ನು ಕೆಳಗಿಟ್ಟು ಅಪ್ಪನ ಒದ್ದೆ ತೋಳು ಹಿಡಿದಳು.

"ಒಂದು ಮಾತು ಹೇಳಿದ್ರೆ ಹೊತ್ಕೊಂಡಾದ್ರೂ ಮೇಲಕ್ಕೆ ಕರ್ಕೊಂಡು ಹೋಗ್ತಿದ್ವಲ್ಲಪ್ಪ."

"ಅದಕ್ಕೇ ಹೇಳ್ಲಿಲ್ಲ" ಎಂದರು ಅಜ್ಜ.